ಚೌಡಿಗೆ ಎರಡನೆಯ ಸೌಟು

ನಮ್ಮನೆಯ ಚೌಡಿ ಹಬ್ಬಕ್ಕೆ ಕೋಳಿ ಕೊಯ್ಯುತ್ತಿದ್ದವರು ಒಬ್ಬ ಬ್ಯಾರಿ, ಕರಾವಳಿ ಕಡೆಯ ಮುಸ್ಲಿಮರು. ಈ ಮಾತನ್ನು ಈಗ ಹೇಳಿದರೆ ಎದುರಿಗಿದ್ದವರು ಒಂದು ಗಳಿಗೆ ನನ್ನ ಮುಖವನ್ನೇ ನೋಡುತ್ತಾರೆ. ಹೋದ ವರ್ಷ ಹಬ್ಬದ ದಿನ ಇಬ್ಬರು ಹುಡುಗರು ಬೈಕಿನಲ್ಲಿ ಬಂದು, ಮೊಬೈಲ್ ಎತ್ತಿ ಹಿಡಿದುಕೊಂಡೇ, "ಆಂಟಿ, ನಿಮ್ಮನೇಲಿ ಕೋಳಿ ಕೊಯ್ಯೋದು ಯಾರು?" ಎಂದು ಕೇಳಿದರು. ಮೊದಲು ಆ ಮೊಬೈಲ್ ಜೇಬಿಗೆ ಹಾಕು, ಆಮೇಲೆ ನಿಮ್ಮಪ್ಪನ ಹೆಸರು ಹೇಳು ಎಂದೆ. ಒಬ್ಬ ಹೇಳಿದ. ನಿಮ್ಮಪ್ಪ ಇದೇ ಕಣದಲ್ಲಿ ಕೂತು ಮೂರು ಸಲ ಬಡಿಸಿಕೊಂಡು ಉಂಡವನು, ಯಾರು ಕೊಯ್ದಿದ್ದು ಅಂತ ಅವನನ್ನೇ ಹೋಗಿ ಕೇಳು ಎಂದು ಕಳಿಸಿದೆ. ಆ ಮಾತು ಬಾಯಿಂದ ಬರುವ ಮೊದಲೇ ಕೈ ನಡುಗುತ್ತಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಅದು ಹೆದರಿಕೆಯಲ್ಲ, ಸಿಟ್ಟು. ನಮ್ಮ ಮನೆ ಹೆಂಗಸರಿಗೆ ಸಿಟ್ಟು ಬಂದಾಗ ಮೊದಲು ಕೈ ನಡುಗುತ್ತದೆ, ಆಮೇಲೆ ಬಾಯಿ ತೆರೆಯುತ್ತದೆ. ಇದು ಅಜ್ಜಿಯಿಂದ ಬಂದದ್ದು.

ನಮ್ಮದು ಗೋಣಿಬೀಡಿನಿಂದ ಸ್ವಲ್ಪ ಮೇಲೆ ನಾಲ್ಕು ಎಕರೆ ಕಾಫಿ. ಎಸ್ಟೇಟ್ ಎಂದು ಹೇಳಿಕೊಳ್ಳುವಷ್ಟು ದೊಡ್ಡದಲ್ಲ. ಬರೀ ತೋಟ ಎಂದರೆ ಅಜ್ಜಿಗೆ ಮರ್ಯಾದೆ ಕಡಿಮೆಯಾದ ಹಾಗೆ ಆಗುತ್ತಿತ್ತು. ಮನೆಗೆ ಉದ್ದನೆಯ ಜಗಲಿ, ಒಳಗೆ ನಡುಮನೆ, ಅದರಾಚೆ ಹೊಗೆ ಹಿಡಿದು ಕಪ್ಪಾದ ಅಡುಗೆಮನೆ. ಅಲ್ಲಿ ಮೂರು ಒಲೆ. ಒಂದರಲ್ಲಿ ನಮ್ಮ ಅಡುಗೆ, ಒಂದರಲ್ಲಿ ಸ್ನಾನದ ನೀರು, ಮೂರನೆಯದರಲ್ಲಿ ದನಗಳಿಗೆ ಹುರುಳಿ ಬೇಯುತ್ತಿತ್ತು. ಮನೆ ಎದುರಿಗೆ ಕಾಫಿ ಒಣಗಿಸುವ ಕಣ, ಅರ್ಧ ಸಿಮೆಂಟಿನದು, ಅರ್ಧ ಸಗಣಿ ಸಾರಿಸಿದ್ದು. ಸಿಮೆಂಟು ಅಲ್ಲಿಗೇ ಯಾಕೆ ನಿಂತಿತು ಎಂಬುದರ ಬಗ್ಗೆ ಅಪ್ಪಯ್ಯನಿಗೂ ಅಜ್ಜಿಗೂ ಬೇರೆ ಬೇರೆ ಕತೆಗಳಿದ್ದವು. ಕಣದ ಒಂದು ಮೂಲೆಗೆ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಶೆಡ್ಡು, ಇನ್ನೊಂದು ಮೂಲೆಗೆ ನೇರಳೆ ಮರ, ಮರದ ಬುಡದಲ್ಲಿ ಮೊಣಕಾಲೆತ್ತರದ ಒಂದು ಕಲ್ಲು. ಅದೇ ಚೌಡಿ. ಅವಳಿಗೆ ಗುಡಿಯಿಲ್ಲ, ಭಟ್ಟರಿಲ್ಲ. ಕೊಯ್ಲು ಮುಗಿದು ಕೊನೆಯ ಕಾಫಿ ಒಣಗಿ ಮೂಟೆ ಸೇರಿದ ಮೇಲೆ ಬರುವ ಮಂಗಳವಾರ ಅವಳ ಹಬ್ಬ. ಆ ವರ್ಷದ ಬೆಳೆಗೆ ಯಾರ್ಯಾರ ಕೈ ತಾಗಿತ್ತೋ ಅವರೆಲ್ಲ ಅವತ್ತು ನಮ್ಮಲ್ಲಿ ಉಣ್ಣಬೇಕು. ಹಣ್ಣು ಕೊಯ್ದ ಆಳುಗಳು, ಮೂಟೆ ಹೊತ್ತವರು, ನಾವು ಅವರ ತೋಟಕ್ಕೆ ಅವರು ನಮ್ಮ ತೋಟಕ್ಕೆ ಎಂದು ಕೈಬದಲು ದುಡಿಯುತ್ತಿದ್ದ ಮುಯ್ಯಾಳಿನ ಮನೆಗಳವರು, ನಮ್ಮ ಕಾಳುಮೆಣಸು ಕೊಳ್ಳುತ್ತಿದ್ದ ಹಸನಬ್ಬ, ಅವರ ಹೆಂಡತಿ ಬೀಪಾತುಮ್ಮ, ಮಕ್ಕಳು. ಎಲ್ಲರಿಗೂ ಕಡುಬು, ಕೋಳಿ ಸಾರು.

ಹಸನಬ್ಬನ ಅಂಗಡಿ ರಸ್ತೆಯ ತಿರುವಿನಲ್ಲಿತ್ತು. ಒಂದು ಕಡೆ ಒಣಮೀನು, ಇನ್ನೊಂದು ಕಡೆ ಮೆಣಸಿನ ಚೀಲ. ಎರಡರ ವಾಸನೆಯೂ ಅವರ ಅಂಗಿಗೆ ಅಂಟಿಕೊಂಡಿರುತ್ತಿತ್ತು. ಹಬ್ಬದ ದಿನ ಬೆಳಕು ಹರಿಯುವ ಹೊತ್ತಿಗೆ ಟವೆಲಿನಲ್ಲಿ ತಮ್ಮದೇ ಚಾಕು ಸುತ್ತಿಕೊಂಡು ಬರುತ್ತಿದ್ದರು. ಶೆಡ್ಡಿನ ಹಿಂದೆ ಪ್ರತಿ ಕೋಳಿಗೂ ಒಂದು ಗುಟುಕು ನೀರು ಕುಡಿಸಿ, ಪಡುವಣಕ್ಕೆ ಮುಖ ಮಾಡಿಸಿ ಮಲಗಿಸಿ, ತಮ್ಮ ದೇವರ ಹೆಸರು ಹೇಳಿ ಕೊಯ್ದು, ಅದು ಪೂರ್ತಿ ಸುಮ್ಮನಾಗುವವರೆಗೆ ಕೈ ಬಿಡದೆ ಕೂರುತ್ತಿದ್ದರು. ಇದು ಅಜ್ಜಿಯ ಏರ್ಪಾಡು. ಉಣ್ಣಲು ಬಂದವರು ಎಲೆ ಮುಂದೆ ಕೂತು "ಇದು ನಮಗಾಗಲ್ಲ" ಎನ್ನುವಂತೆ ಆಗಬಾರದು ಎಂಬುದು ಅವಳ ಹಟ. ಹಸನಬ್ಬ ಕೊಯ್ದರೆ ಎಲ್ಲರಿಗೂ ಆಗುತ್ತದೆ, ನಾವು ಕೊಯ್ದರೆ ಅವರ ಮನೆಯವರಿಗೆ ಆಗುವುದಿಲ್ಲ. ಹಾಗಾದರೆ ಅವರೇ ಕೊಯ್ಯಲಿ. ಮತ್ತೊಂದು ತೊಡಕಿತ್ತು. ಬೇರೆ ದೇವರಿಗೆ ಎಡೆ ಇಟ್ಟದ್ದನ್ನೂ ಅವರು ಉಣ್ಣುವಂತಿಲ್ಲ. ಅದಕ್ಕೆ ಅಜ್ಜಿ, ಸಾರು ಇಳಿಸಿದ ಕೂಡಲೇ ಮೊದಲ ಸೌಟನ್ನು ಮುಚ್ಚಳವಿರುವ ಬೇರೆ ಪಾತ್ರೆಗೆ ಹಾಕಿ, ಅವರಿಗೆ ಬೇಕಾಗುವಷ್ಟನ್ನು ತೆಗೆದಿಟ್ಟು, ಎರಡನೆಯ ಸೌಟನ್ನು ಚೌಡಿಯ ಎಲೆಗೆ ಬಡಿಸುತ್ತಿದ್ದಳು. ಇಡೀ ಮಲೆನಾಡಿನಲ್ಲಿ ಎರಡನೆಯ ಸೌಟಿಗೆ ಒಪ್ಪಿಕೊಂಡ ದೇವರು ನಮ್ಮವಳೊಬ್ಬಳೇ ಇರಬೇಕು. ಒಮ್ಮೆ ನೆಂಟರ ಪೈಕಿ ಒಬ್ಬಾಕೆ ಇದನ್ನು ಕಂಡು ಅಡುಗೆಮನೆ ಬಾಗಿಲಲ್ಲೇ ನಿಂತು ಕೇಳಿದ್ದು ನೆನಪಿದೆ.

"ದೇವ್ರಿಗಿಂತ ಮೊದ್ಲು ಬ್ಯಾರಿಗೆ ತೆಗೆದಿಡ್ತೀಯಲ್ಲ ಹೂವಕ್ಕ, ಚೌಡಿ ಸುಮ್ನೆ ಇರ್ತಾಳಾ?"

ಅಜ್ಜಿ ಸೌಟು ಕೆಳಗಿಡದೆಯೇ ಹೇಳಿದಳು:

"ನಿಮ್ಮನೆಗೆ ನಾನು ಬಂದ್ರೆ ನೀನು ಮೊದ್ಲು ಉಂಡು ಆಮೇಲೆ ನಂಗೆ ಬಡಿಸ್ತೀಯಾ? ಈ ಜಾಗದ ಯಜಮಾನ್ತಿ ಚೌಡಿ. ಬಂದೋರಿಗೆ ಆಯ್ತಾ ಅಂತ ನೋಡ್ಕೊಂಡು ಆಮೇಲೆ ತಾನು ಉಣ್ತಾಳೆ. ಅಷ್ಟೂ ಗೊತ್ತಿಲ್ದೋಳು ದೇವ್ರು ಹೇಗಾಗ್ತಾಳೆ?"

ಹಾಗಂತ ಅಜ್ಜಿಯನ್ನು ಸಂತಳ ಹಾಗೆ ಕೂರಿಸಿ ಹೂ ಮುಡಿಸಲು ನಾನು ತಯಾರಿಲ್ಲ. ಬೀಪಾತುಮ್ಮ ನಮ್ಮ ಅಡುಗೆಮನೆಯ ಹೊಸ್ತಿಲು ದಾಟಿದ್ದನ್ನು ನಾನು ಒಂದು ದಿನವೂ ನೋಡಲಿಲ್ಲ. ಕೂಲಿ ಲೈನಿನ ಮನೆಗಳಲ್ಲಿದ್ದ ಆಳುಗಳಿಗೆ ಉಳಿದ ದಿನಗಳಲ್ಲಿ ಬೇರೆ ಲೋಟ, ಅದೂ ಹೊರಗಿನ ಗೂಟಕ್ಕೆ ನೇತು ಹಾಕಿದ್ದು. ಹಬ್ಬದ ಒಂದು ದಿನ ಮಾತ್ರ ಎಲ್ಲರೂ ಕಣದಲ್ಲಿ ಒಂದೇ ಸಾಲಿನಲ್ಲಿ ಕೂರುತ್ತಿದ್ದರು, ಆ ಸಾಲಿನಲ್ಲೂ ಯಾರು ಎಲ್ಲಿ ಎಂಬುದು ಎಲ್ಲರಿಗೂ ಗೊತ್ತಿರುತ್ತಿತ್ತು. ದೊಡ್ಡವಳಾದ ಮೇಲೆ ಈ ಬಗ್ಗೆ ಅವಳ ಜೊತೆ ಜಗಳವಾಡಿದ್ದೇನೆ. "ನಿಂಗೆ ಓದು ಜಾಸ್ತಿಯಾಯ್ತು" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಆದರೂ ಅವಳಿಗೆ ಒಂದು ಗೆರೆ ಇತ್ತು, ಆ ಗೆರೆಯನ್ನು ಅವಳು ಎಲ್ಲಿ ಎಳೆದಳು ಎಂಬುದನ್ನು ನಾನು ನನ್ನ ಹತ್ತನೆಯ ವಯಸ್ಸಿನಲ್ಲಿ ಕಣ್ಣಾರೆ ಕಂಡೆ. ಅದನ್ನು ಹೇಳುವುದಕ್ಕೇ ಈ ಅಧ್ಯಾಯ ಬರೆಯುತ್ತಿದ್ದೇನೆ.

ಚಿಕ್ಕಪ್ಪ ಅಪ್ಪಯ್ಯನಿಗಿಂತ ಬಹಳ ಚಿಕ್ಕವನು. ಬಣಕಲ್ ಹತ್ತಿರದ ದೊಡ್ಡ ಎಸ್ಟೇಟೊಂದರಲ್ಲಿ ರೈಟರ್ ಆಗಿದ್ದ. ಆಳುಗಳ ಹಾಜರಿ ಬರೆಯುವ ಕೆಲಸ. ಶನಿವಾರ ಸಂಜೆ ಬಸ್ಸಿಳಿದು ಬಂದರೆ ಮೊದಲು ನನ್ನನ್ನು ಕೂಗುತ್ತಿದ್ದ. ನನಗೆ ಸೈಕಲ್ ಕಲಿಸಿದವನು ಅವನು. ಹೆಣ್ಣುಮಕ್ಕಳಿಗೆ ಯಾಕೆ ಸೈಕಲ್ಲು ಎಂದು ಅಪ್ಪಯ್ಯ ಗೊಣಗಿದಾಗ, ನೀನು ಸುಮ್ನಿರು ಅಣ್ಣ ಎಂದವನೂ ಅವನೇ. ಈ ಮನುಷ್ಯ ಚಿಕ್ಕಮಗಳೂರಿನಲ್ಲಿ ಯಾವುದೋ ಮೀಟಿಂಗುಗಳಿಗೆ ಹೋಗಲು ಶುರು ಮಾಡಿದ ಮೇಲೆ ಬೇರೆಯೇ ಆದ. ಹಸನಬ್ಬನ ಮಗಳು ಜುಬೇದ ನನ್ನದೇ ಕ್ಲಾಸು, ಅವಳನ್ನು ಸೈಕಲ್ ಹಿಂದೆ ಕೂರಿಸಿಕೊಂಡು ಹೋಗಬೇಡ ಎಂದ. ನನ್ನ ಅವ್ವ ಒಣಮೀನನ್ನು ಬೇರೆ ಅಂಗಡಿಯಿಂದ ತರಬೇಕು ಎಂದ. ಬಸ್ ಸ್ಟ್ಯಾಂಡಿನಲ್ಲಿ ಯಾರ ಮನೆ ಹುಡುಗಿ ಯಾರ ಜೊತೆ ನಿಂತು ಮಾತಾಡಿದಳು ಎಂಬುದೂ ಅವನ ಹಾಜರಿ ಪುಸ್ತಕಕ್ಕೆ ಸೇರತೊಡಗಿತು. ಈಗ ಇಂಥ ಹಾಜರಿ ತೆಗೆಯುವವರು ಊರಿಗೆ ಹತ್ತು ಜನ ಇದ್ದಾರೆ, ಅವರ ಬೆನ್ನಿಗೆ ಕಾನೂನುಗಳೂ ಬಂದಿವೆ. ಯಾರನ್ನು ಮದುವೆಯಾಗಬೇಕು, ಬೇರೆ ದೇವರನ್ನು ನಂಬಿ ಹೋಗುವ ಮೊದಲು ಯಾವ ಆಫೀಸಿಗೆ ಅರ್ಜಿ ಕೊಡಬೇಕು ಎಂದು ಅವೇ ಹೇಳುತ್ತವೆ. ನಮ್ಮ ಮನೆಗೆ ಆಗ ಇದೆಲ್ಲ ಹೊಸದು. ಚಿಕ್ಕಪ್ಪನಿಗೆ ಏನೋ ತಲೆ ಕೆಟ್ಟಿದೆ, ಮದುವೆ ಮಾಡಿದರೆ ಸರಿಹೋಗುತ್ತದೆ ಎಂದು ಅವ್ವ ನಂಬಿದ್ದಳು.

ಆ ವರ್ಷ ಹಬ್ಬಕ್ಕೆ ಹತ್ತು ದಿನ ಇರುವಾಗ ಒಬ್ಬ ಪೊಲೀಸಿನವರು ಬಂದರು. ಹೊಸಬರಲ್ಲ, ಹಿಂದಿನ ವರ್ಷ ಹಬ್ಬದಲ್ಲಿ ಉಂಡವರೇ. ಜಗಲಿಯ ಮೇಲೆ ಟೋಪಿ ತೆಗೆದಿಟ್ಟು ಕೂತು, ಸಂಕೋಚದಿಂದ ಮಾತು ತೆಗೆದರು.

"ಅಮ್ಮ, ಒಂದು ಕಂಪ್ಲೇಂಟ್ ಬಂದಿದೆ. ದೇವಸ್ಥಾನದಲ್ಲಿ ಪ್ರಾಣಿಬಲಿ ಕೊಡೋದು ಕಾನೂನು ಪ್ರಕಾರ ತಪ್ಪು."

"ದೇವಸ್ಥಾನ ಎಲ್ಲಿದೆ ತೋರ್ಸು ಮಾರಾಯ, ನಾನೂ ಕೈ ಮುಗೀತೀನಿ."

"ಅದೇ, ಆ ಕಲ್ಲು ಇದ್ಯಲ್ಲ."

"ಕಲ್ಲಿನ ಮುಂದೆ ಯಾರು ಕೊಯ್ತಾರೆ? ಶೆಡ್ಡಿನ ಹಿಂದೆ ಕೊಯ್ತೀವಿ, ಒಲೆ ಮೇಲೆ ಬೇಯಿಸ್ತೀವಿ, ಎಲೆ ಹಾಕ್ಕೊಂಡು ಉಣ್ತೀವಿ. ಹೋದ ವರ್ಷ ನೀನು ಉಂಡಿದ್ದು ಬಲೀನಾ, ಊಟಾನಾ?"

ಅವರು ನಕ್ಕುಬಿಟ್ಟರು. ಬಂದು ತಿಳಿಸಿದ್ದೇನೆ ಎಂದು ಬರೆದುಕೊಳ್ಳುತ್ತೇನೆ, ಅಷ್ಟೇ ಎಂದರು. ಕಾಫಿ ಕುಡಿದು ಎದ್ದಾಗ ಅಪ್ಪಯ್ಯ ರಸ್ತೆಯವರೆಗೆ ಹೋದರು, ಹಿಂದೆ ನಾನೂ ಹೋದೆ. "ಕಂಪ್ಲೇಂಟ್ ಕೊಟ್ಟೋರು ದೂರದೋರೇನಲ್ಲ ಗೌಡ್ರೆ" ಎಂದು ಅವರು ಮೆಲ್ಲಗೆ ಹೇಳಿದ್ದು ನನಗೆ ಕೇಳಿಸಿತು. ಅಪ್ಪಯ್ಯ ಮನೆಗೆ ಬಂದು ಯಾರಿಗೂ ಏನೂ ಹೇಳಲಿಲ್ಲ.

ಕಾನೂನಿನ ದಾರಿ ಅಲ್ಲಿಗೆ ಮುಗಿಯಿತು ಎಂದು ಅಂದುಕೊಂಡರೆ ಆ ಭಾನುವಾರ ಜೀಪಿನಲ್ಲಿ ನಾಲ್ಕು ಜನ ಬಂದರು, ಜೊತೆಗೆ ಚಿಕ್ಕಪ್ಪ. ಇಬ್ಬರು ನಮ್ಮ ರಸ್ತೆಯವರೇ, ಮುಯ್ಯಾಳಿನ ಮನೆಯವರು. ಬಂದವರಲ್ಲಿ ಹಿರಿಯ ಅಪ್ಪಯ್ಯನ ಎದುರಿಗೆ ಕೂತು ಬಹಳ ಮರ್ಯಾದೆಯಿಂದಲೇ ಮಾತಾಡಿದ.

"ನಿಮ್ಮನೆ ವಿಷಯ ನಿಮ್ದು ಗೌಡ್ರೆ, ನಾವು ಬಾಯಿ ಹಾಕಲ್ಲ. ಆದ್ರೆ ದೇವ್ರ ವಿಷಯ ಎಲ್ರದ್ದೂ. ದೇವ್ರ ಊಟಕ್ಕೆ ಅವರ ಕೈ ತಾಗಬಾರ್ದು. ತಾಗಿದ್ರೆ ಈ ರಸ್ತೆಯ ಯಾವ ಮನೆಯಿಂದ್ಲೂ ಊಟಕ್ಕೆ ಜನ ಬರಲ್ಲ. ಮುಯ್ಯಾಳಿಗೂ ಬರಲ್ಲ."

ಇದು ಸಣ್ಣ ಮಾತಲ್ಲ. ನಾಲ್ಕು ಎಕರೆಯವರು ಕೂಲಿ ಆಳುಗಳನ್ನೇ ನಂಬಿ ಕೊಯ್ಲು ಮುಗಿಸಲು ಆಗುವುದಿಲ್ಲ. ಹಣ್ಣಾದ ಕಾಫಿ ಕಾಯುವುದಿಲ್ಲ, ಒಂದು ವಾರ ತಡವಾದರೆ ನೆಲ ಸೇರುತ್ತದೆ. ಒಳಗಿನಿಂದ ಅಜ್ಜಿಯ ದನಿ ಬಂತು.

"ಕಾಫಿ ಕುಡ್ದಾಯ್ತಾ? ಆಗಿದ್ರೆ ಲೋಟ ಒಳಗೆ ಕೊಡಿ."

ಜೀಪು ಹೋದ ಮೇಲೆ ಮೂರು ದಿನ ಮನೆಯಲ್ಲಿ ಜಗಳ. ಊಟಕ್ಕೆ ಕೂತಾಗ ಶುರುವಾಗಿ, ಕೈ ಒಣಗಿದರೂ ಮುಗಿಯುತ್ತಿರಲಿಲ್ಲ. ಈ ವರ್ಷ ಕೋಳಿಯೇ ಬೇಡ, ಪಾಯಸ ಮಾಡಿ ಮುಗಿಸೋಣ ಎಂದರು ಅಪ್ಪಯ್ಯ. "ಹೆದರ್ಕೊಂಡು ಮಾಡಿದ ಪಾಯಸ ಯಾರ ಗಂಟಲಲ್ಲಿ ಇಳಿಯುತ್ತೆ?" ಎಂದಳು ಅಜ್ಜಿ. ಹಬ್ಬಕ್ಕೆಂದು ರಜೆ ಹಾಕಿ ಉಳಿದಿದ್ದ ಚಿಕ್ಕಪ್ಪ ಕೂಗಾಡಿದ, ತಟ್ಟೆ ತಳ್ಳಿದ. ನಿಮಗೆಲ್ಲ ಸ್ವಾಭಿಮಾನವೇ ಇಲ್ಲ ಎಂದ. ಆಮೇಲೆ ಹಬ್ಬಕ್ಕೆ ಎರಡು ದಿನ ಇರುವಾಗ ಇದ್ದಕ್ಕಿದ್ದ ಹಾಗೆ ಮೆತ್ತಗಾದ. ಅಜ್ಜಿಯ ಪಕ್ಕದಲ್ಲಿ ಕೂತು, "ಆಯ್ತು ಅವ್ವ, ನಿಂಗೆ ಹೇಗೆ ಬೇಕೋ ಹಾಗೇ ಆಗ್ಲಿ. ಹಸನಬ್ಬಂಗೆ ನಾನೇ ಹೇಳಿ ಬರ್ತೀನಿ" ಎಂದ. ಅಜ್ಜಿ ಮಗನ ತಲೆ ಸವರಿದಳು. ಎಷ್ಟಾದರೂ ನನ್ನ ಹೊಟ್ಟೆಯಲ್ಲಿ ಹುಟ್ಟಿದವನಲ್ಲವಾ ಎಂದು ಆ ಸಂಜೆಯೆಲ್ಲ ಹೇಳಿಕೊಂಡು ಓಡಾಡಿದಳು.

ಹಬ್ಬದ ಬೆಳಿಗ್ಗೆ ನಾನು ಸೌದೆ ತರಲು ಶೆಡ್ಡಿನ ಹಿಂದೆ ಹೋದೆ. ಅಲ್ಲಿ ಹಸನಬ್ಬ ಇರಲಿಲ್ಲ. ಚಿಕ್ಕಪ್ಪನೂ ಅವನ ಗೆಳೆಯನೊಬ್ಬನೂ ಇದ್ದರು. ಗೆಳೆಯ ಕೋಳಿಯ ಕುತ್ತಿಗೆಯನ್ನು ಮರದ ತುಂಡಿನ ಮೇಲೆ ಹಿಡಿದಿದ್ದ, ಚಿಕ್ಕಪ್ಪ ಕತ್ತಿ ಎತ್ತಿ ಒಂದೇ ಏಟು ಹಾಕಿದ. ತಲೆ ಒಂದು ಕಡೆ ಹಾರಿತು. ಆಗಲೇ ಏಳೆಂಟು ಮುಗಿದಿದ್ದವು. ಹಿಂದಿನ ದಿನ ಅವನು ಹಸನಬ್ಬನಿಗೆ, ಪೊಲೀಸರ ತಾಪತ್ರಯ ಇದೆ, ಈ ಸಲ ಕೊಯ್ಯಲು ಬಣಕಲ್‌ನಿಂದ ಬೇರೆ ಬ್ಯಾರಿ ಬರುತ್ತಾರೆ, ನೀವು ಊಟಕ್ಕೆ ಬಂದರೆ ಸಾಕು ಎಂದು ಹೇಳಿದ್ದ. ಅಜ್ಜಿಗೆ, ಹಸನಬ್ಬ ಕತ್ತಲೆಯಲ್ಲೇ ಬಂದು ಕೊಯ್ದು ಅಂಗಡಿ ತೆರೆಯಲು ಹೋದರು ಎಂದು ಹೇಳುವವನಿದ್ದ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆ ಹೊತ್ತಿಗೆ ಗೊತ್ತಾದದ್ದು ಇಷ್ಟೇ, ಕೋಳಿಗೆ ಯಾರೂ ನೀರು ಕುಡಿಸಿರಲಿಲ್ಲ. ಚಿಕ್ಕಪ್ಪ ನನ್ನನ್ನು ನೋಡಿದ. ಕತ್ತಿ ಕೆಳಗಿಟ್ಟು ಬಂದು ನನ್ನ ಎದುರು ಕುಕ್ಕರಗಾಲಲ್ಲಿ ಕೂತ.

"ಪುಟ್ಟಿ, ಅಜ್ಜಿಗೆ ಹೇಳ್ಬೇಡ. ಇದ್ರಿಂದ ಯಾರಿಗೂ ಏನೂ ಆಗಲ್ಲ. ಅವ್ರಿಗೆ ಗೊತ್ತಾಗಲ್ಲ, ಉಂಡು ಹೋಗ್ತಾರೆ. ಚೌಡಿಗೂ ಸರಿ, ಊರಿಗೂ ಸರಿ. ನೀನು ನನ್ ಪುಟ್ಟಿ ತಾನೇ?"

ನಾನು ತಲೆಯಾಡಿಸಿದೆ. ಅವನು ನನ್ನ ಕೆನ್ನೆ ಚಿವುಟಲು ಬಂದು, ಕೈಯಲ್ಲಿ ರಕ್ತ ಇದ್ದದ್ದರಿಂದ ಹಾಗೇ ಹಿಂದಕ್ಕೆ ತೆಗೆದುಕೊಂಡ.

ಮಧ್ಯಾಹ್ನದವರೆಗಿನ ಆ ನಾಲ್ಕೈದು ಗಂಟೆಗಳಷ್ಟು ಉದ್ದದ ಸಮಯವನ್ನು ನಾನು ಬದುಕಿನಲ್ಲಿ ಮತ್ತೆ ಕಂಡಿಲ್ಲ. ಬಾಳೆ ಎಲೆ ಒರೆಸಿದೆ, ನೀರು ಹೊತ್ತೆ, ಕಡುಬಿನ ಹಿಟ್ಟಿಗೆ ಕೈ ಕೊಟ್ಟೆ. ಅವ್ವ ಎರಡು ಸಲ ಜ್ವರ ಇದೆಯಾ ಎಂದು ಹಣೆ ಮುಟ್ಟಿ ನೋಡಿದಳು. ಹೇಳಿದರೆ ಚಿಕ್ಕಪ್ಪ ನನ್ನನ್ನು ಇನ್ನೆಂದೂ ಕರೆಯುವುದಿಲ್ಲ, ಹೇಳದಿದ್ದರೆ ಜುಬೇದ ಅದನ್ನು ಉಣ್ಣುತ್ತಾಳೆ; ತಲೆಯಲ್ಲಿ ಇದೊಂದೇ ತಿರುಗುತ್ತಿತ್ತು. ಧರ್ಮ ಗಿರ್ಮ ನನಗೇನೂ ಗೊತ್ತಿರಲಿಲ್ಲ. ಆದರೆ ಹಿಂದೊಮ್ಮೆ ಸ್ಕೂಲಿನಲ್ಲಿ ಯಾರೋ ಜುಬೇದಳ ಬುತ್ತಿಗೆ ಬೇಡದ್ದೇನನ್ನೋ ಹಾಕಿ, ಅವಳು ತಿಂದ ಮೇಲೆ ಹೇಳಿ ನಕ್ಕಿದ್ದರು. ಅವಳು ನಲ್ಲಿಯ ಹತ್ತಿರ ಹೋಗಿ ಗಂಟಲಿಗೆ ಬೆರಳು ಹಾಕಿಕೊಂಡು ವಾಂತಿ ಮಾಡಿದ್ದನ್ನು ನಾನು ನೋಡಿದ್ದೆ, ಅವಳ ಬೆನ್ನು ನೀವಿದವಳು ನಾನೇ. ಅಜ್ಜಿ ಸಾರು ಇಳಿಸಿ ಮೊದಲ ಸೌಟನ್ನು ಮುಚ್ಚಳದ ಪಾತ್ರೆಗೆ ಹಾಕಿದಳು. ಎರಡನೆಯದನ್ನು ಚೌಡಿಗೆ ಇಟ್ಟು ಬಂದಳು. ಜನ ಬಂದು ಕೂತರು, ಬರುವುದಿಲ್ಲ ಎಂದಿದ್ದ ಮನೆಗಳವರೂ ಬಂದರು. ಅವರಿಗೆ ಚಿಕ್ಕಪ್ಪ ಮೊದಲೇ ಸುದ್ದಿ ಮುಟ್ಟಿಸಿದ್ದ ಎಂದು ಕಾಣುತ್ತದೆ. ಹಸನಬ್ಬ, ಬೀಪಾತುಮ್ಮ, ಮಕ್ಕಳು ಸಾಲಿನ ಕೊನೆಯಲ್ಲಿ ಕೂತರು. ನಾನು ಜುಬೇದಳ ಪಕ್ಕ ಕೂತೆ. ಬಡಿಸಿಯಾಯಿತು. ಜುಬೇದ ಕಡುಬು ಮುರಿದು ಸಾರಿಗೆ ಅದ್ದಲು ಹೋದಳು.

ನಾನು ಅವಳ ಎಲೆಯ ಮೇಲೆ ನನ್ನ ಕೈ ಇಟ್ಟುಬಿಟ್ಟೆ. ಸಾರು ಸುಡುತ್ತಿತ್ತು, ಆದರೂ ತೆಗೆಯಲಿಲ್ಲ.

"ತಿನ್ಬೇಡ. ಇದು ಹಸನಬ್ಬಣ್ಣ ಕೊಯ್ದಿದ್ದಲ್ಲ. ಚಿಕ್ಕಪ್ಪ ಕೊಯ್ದಿದ್ದು, ಕತ್ತೀಲಿ."

ಕಣದಲ್ಲಿ ಐವತ್ತು ಜನ ಇದ್ದಿರಬಹುದು. ಎಲ್ಲರ ಕೈಯೂ ಎಲೆಯ ಮೇಲೇ ನಿಂತಿತು. ಅಜ್ಜಿ ಸೌಟು ಹಿಡಿದು ಸಾಲಿನ ನಡುವೆ ನಿಂತಿದ್ದಳು, ಅವಳ ಕೈ ನಡುಗಲು ಶುರುವಾಯಿತು. ಚಿಕ್ಕಪ್ಪನ ಕಡೆ ತಿರುಗಿದಳು.

"ಹೌದೇನೋ?"

"ಹೌದು. ಏನೀಗ? ನಮ್ಮ ದೇವ್ರು, ನಮ್ಮನೆ, ನಮ್ಮ ಕೋಳಿ. ನಾವು ಕೊಯ್ಯೋಕೆ ಯಾರನ್ನ ಕೇಳ್ಬೇಕು?"

"ಯಾರನ್ನೂ ಕೇಳ್ಬೇಡ. ನಿನ್ ಕೋಳೀನ ನಿಂಗೆ ಬೇಕಾದ ಹಾಗೆ ಕೊಯ್ಕೋ. ಕೊಯ್ದು, ಹೇಳಿ ಬಡ್ಸು. ನಂಬಿ ಬಂದು ಕೂತೋರಿಗೆ ಹೇಳ್ದೆ ಬಡಿಸೋದು ಯಾವ ದೇವ್ರ ಕೆಲಸವೋ? ನನ್ ಕೈಯಲ್ಲೇ ಬಡಿಸೋ ಹಾಗೆ ಮಾಡ್ಬಿಟ್ಯಲ್ಲೋ."

ಹಸನಬ್ಬ ಎಲೆಯ ಮುಂದಿನಿಂದ ಅರ್ಧ ಎದ್ದಿದ್ದರು. ಅವರಿಗೆ ತಮ್ಮ ಊಟಕ್ಕಿಂತ ನಮ್ಮ ಮನೆ ಮಾನದ ಚಿಂತೆ ಹೆಚ್ಚಾದಂತೆ ಕಂಡಿತು.

"ಹೋಗ್ಲಿ ಬಿಡಿ ಅಮ್ಮ. ನಾವಿನ್ನೂ ಬಾಯಿಗೆ ಹಾಕಿಲ್ಲ. ಹಾಕಿದ್ರೂ ಗೊತ್ತಿಲ್ದೆ ತಿಂದ್ರೆ ನಮ್ಗೆ ಪಾಪ ಇಲ್ಲ."

"ನಿಂಗಿಲ್ದೆ ಇರ್ಬಹುದು ಹಸನಬ್ಬ. ನಂಗಿದೆ" ಎಂದಳು ಅಜ್ಜಿ.

ಆಮೇಲೆ ಅವಳು ಮಾಡಿದ್ದನ್ನು ನಮ್ಮ ಕಡೆಯ ಹಳಬರು ಈಗಲೂ ನಂಬುವುದಿಲ್ಲ. ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಒಂದೊಂದೇ ಎಲೆ ಎತ್ತಿದಳು. ಉಣ್ಣುತ್ತಿರುವವರ ಮುಂದಿನ ಎಲೆ ಎತ್ತುವುದೆಂದರೆ ಹೊಡೆದದ್ದಕ್ಕಿಂತ ಹೆಚ್ಚು. ಪ್ರತಿಯೊಬ್ಬರ ಮುಂದೆಯೂ ನಿಂತು, ತಪ್ಪಾಯಿತು, ಇನ್ನೊಂದು ಗಳಿಗೆ ಕೂತಿರಿ, ಊಟ ಬರುತ್ತದೆ ಎಂದು ಕೈ ಮುಗಿದು ಎತ್ತಿದಳು. ನಾಲ್ಕೈದು ಮನೆಗಳವರು ಸಿಟ್ಟಿನಿಂದ ಎದ್ದು ಹೋದರು. ಉಳಿದವರು ಕೂತರು. ಅವ್ವ ಅಡುಗೆಮನೆಗೆ ಓಡಿ, ದನಗಳಿಗೆಂದು ಬೇಯಿಸಿಟ್ಟಿದ್ದ ಹುರುಳಿಯ ಕಟ್ಟು ಬಸಿದು, ಬೆಳ್ಳುಳ್ಳಿ ಮೆಣಸಿನಕಾಯಿ ಒಗ್ಗರಣೆ ಹಾಕಿ ಸಾರು ಮಾಡಿದಳು. ಅಜ್ಜಿ ಅಷ್ಟಕ್ಕೇ ನಿಲ್ಲಿಸಲಿಲ್ಲ. ನೇರಳೆ ಮರದ ಬುಡಕ್ಕೆ ಹೋಗಿ ಚೌಡಿಯ ಮುಂದಿನ ಎಲೆಯನ್ನೂ ಎತ್ತಿದಳು. ದೇವರ ಎಡೆಯನ್ನೇ ಎತ್ತುವುದೇ! ಅಪ್ಪಯ್ಯ "ಬೇಡ ಅವ್ವ" ಎಂದು ಹಿಂದಿನಿಂದ ಓಡಿದರು. "ಬಂದೋರು ಉಣ್ಣದ್ದನ್ನ ನಿಂಗೆ ಇಟ್ಟುಬಿಟ್ಟೆ ತಾಯಿ, ಹೊಟ್ಟೆಗೆ ಹಾಕ್ಕೋ" ಎಂದು ಕಲ್ಲಿಗೆ ಹೇಳಿ, ಹೊಸ ಎಲೆ ಹಾಸಿ, ಹುರುಳಿ ಸಾರಿನ ಎರಡನೆಯ ಸೌಟನ್ನೇ ಬಡಿಸಿದಳು. ಮೊದಲನೆಯದು ಆಗಲೇ ಮುಚ್ಚಳದ ಪಾತ್ರೆಗೆ ಬಿದ್ದಿತ್ತು. ಅಷ್ಟು ಸಿಟ್ಟಿನಲ್ಲೂ ಅವಳು ಕ್ರಮ ತಪ್ಪಿಸಲಿಲ್ಲ. ಎಲ್ಲರೂ ಕಡುಬಿಗೆ ಹುರುಳಿ ಸಾರು ಹಚ್ಚಿಕೊಂಡು ಉಂಡರು. ಹಂಡೆ ತುಂಬ ಇದ್ದ ಕೋಳಿ ಸಾರನ್ನು ಅಪ್ಪಯ್ಯ ಕಾಫಿ ಗಿಡದ ಗುಂಡಿಗೆ ಸುರಿದು ಮಣ್ಣು ಮುಚ್ಚಿದರು. ಅಷ್ಟು ಚೆನ್ನಾದ ಸಾರು ಮಣ್ಣು ಪಾಲಾಯಿತಲ್ಲ ಎಂದು ನನಗೆ ಆಗಲೂ ಹೊಟ್ಟೆ ಉರಿಯಿತು, ಈಗ ಬರೆಯುವಾಗಲೂ ಉರಿಯುತ್ತದೆ.

ಇದಕ್ಕೆ ನಾವು ತೆತ್ತದ್ದು ಕಡಿಮೆಯೇನಲ್ಲ. ಚಿಕ್ಕಪ್ಪ ಅವತ್ತೇ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟ. ವರ್ಷ ತಿರುಗುವುದರೊಳಗೆ ತೋಟ ಎರಡು ಪಾಲಾಯಿತು. ಅವನು ತನ್ನ ಪಾಲಿನಲ್ಲಿ ಬೇರೆ ಕಲ್ಲು ನಿಲ್ಲಿಸಿ, ಬೇರೆ ಚೌಡಿ ಹಬ್ಬ ಶುರು ಮಾಡಿದ. ರಸ್ತೆಯಲ್ಲಿ ಎದುರಾದರೆ ನನ್ನನ್ನು ನೋಡದೆ ಹೋಗುತ್ತಿದ್ದ. ನಾನು ಸೈಕಲ್ ಇಳಿದು ನಿಲ್ಲುತ್ತಿದ್ದೆ, ಅವನು ನಿಲ್ಲುತ್ತಿರಲಿಲ್ಲ. ಆ ವರ್ಷ ಕಾಫಿ ಹೂವಿಗೆ ಬೇಕಾದ ಮಳೆ ತಡವಾಗಿ ಬಂತು. ಎಡೆ ಎತ್ತಿದ್ದಕ್ಕೆ ಚೌಡಿ ಮುನಿದಳು ಎಂದು ಅವನು ಊರೆಲ್ಲ ಹೇಳಿದ. ಪಕ್ಕದ ಎಸ್ಟೇಟಿಗೂ ತಡವಾಗಿಯೇ ಬಂದಿತ್ತು. ಅವರಲ್ಲಿ ಚೌಡಿಯೂ ಇಲ್ಲ, ಬ್ಯಾರಿಯೂ ಇಲ್ಲ. ಮುಯ್ಯಾಳಿನ ನಾಲ್ಕು ಮನೆಗಳು ಬರುವುದು ನಿಲ್ಲಿಸಿದವು. ಅವ್ವ, ಅಪ್ಪಯ್ಯ, ಅಜ್ಜಿ, ನಾನು, ಉಳಿದ ಎರಡು ಮನೆಯವರು ಸೇರಿ ಕೊಯ್ದೆವು. ಒಂದಿಷ್ಟು ಹಣ್ಣು ನೆಲ ಸೇರಿಯೇ ಸೇರಿತು. ಒಂದು ದಿನ ಗಿಡದ ಬುಡದಲ್ಲಿ ಉದುರಿದ್ದನ್ನು ಆಯುತ್ತಾ ನಾನು ಅತ್ತುಬಿಟ್ಟೆ. ನಾನು ಬಾಯಿ ಮುಚ್ಚಿಕೊಂಡಿದ್ದರೆ ಮನೆ ಒಡೆಯುತ್ತಿರಲಿಲ್ಲ ಅಲ್ವಾ ಎಂದು ಅಜ್ಜಿಯನ್ನು ಕೇಳಿದೆ. ಅವಳು ಸಮಾಧಾನ ಮಾಡುವ ಪೈಕಿ ಅಲ್ಲ.

"ಒಡೀತಿರ್ಲಿಲ್ಲ" ಎಂದಳು. "ಆದ್ರೆ ಆ ಮನೇಲಿ ಯಾರು ಉಣ್ತಿದ್ರು? ಹಣ್ಣು ಆರಿಸು, ಕತ್ತಲಾಗುತ್ತೆ."

ಮುಂದಿನ ಹಬ್ಬ ಹತ್ತಿರ ಬಂದಾಗ ನಿಜವಾದ ಅಳುಕು ಶುರುವಾಯಿತು. ಹಸನಬ್ಬ ಬರುತ್ತಾರಾ? ಅವರ ಕಡೆಯ ಹಿರಿಯರೂ ಈ ಸುದ್ದಿ ಕೇಳಿದ್ದರು. ಬೇರೆ ದೇವರ ಹಬ್ಬಕ್ಕೆ ನೀನು ಹೋಗುವುದೇ ತಪ್ಪು, ಅದೂ ಮೋಸ ಮಾಡಿದ ಮನೆಗೆ ಮತ್ತೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೋದರೆ ನಿನ್ನ ಮನೆಯ ಮದುವೆ ಮುಂಜಿಗೆ ನಾವು ಬರುವುದಿಲ್ಲ ಎಂದು ಅವರನ್ನೂ ಕೂರಿಸಿ ಹೇಳಿದ್ದರಂತೆ. ಜೀಪಿನಲ್ಲಿ ಬಂದವರು ಆಡಿದ್ದೂ ಇದೇ ಮಾತು. ಹಸನಬ್ಬ ಬಾರದಿದ್ದರೆ ಅಜ್ಜಿ ಹಬ್ಬವನ್ನೇ ಮಾಡುತ್ತಿರಲಿಲ್ಲ, ಅದು ನಮಗೆಲ್ಲ ಗೊತ್ತಿತ್ತು. ಯಾರು ಹೋಗಿ ಕರೆಯುವುದು ಎಂಬ ಮಾತು ಬಂದಾಗ ಅಪ್ಪಯ್ಯ ಚಪ್ಪಲಿ ಹಾಕಿಕೊಂಡರು. ಅಜ್ಜಿ ತಡೆದಳು. "ಪುಟ್ಟಿ ಹೋಗ್ಲಿ" ಎಂದಳು.

ಅಂಗಡಿಯಲ್ಲಿ ಹಸನಬ್ಬ ಮೆಣಸು ತೂರುತ್ತಿದ್ದರು. ಮಂಗಳವಾರ ಹಬ್ಬ, ಅಜ್ಜಿ ಕರೆದಿದ್ದಾಳೆ ಎಂದೆ. ಅವರು ಮೊರ ಕೆಳಗಿಟ್ಟರು.

"ಬರ್ತೀನಿ. ಆದ್ರೆ ನಾನು ಕೊಯ್ಯೋವಾಗ ನೀನು ಪಕ್ಕದಲ್ಲಿ ನಿಂತಿರ್ಬೇಕು. ಮೊದಲ್ನೇ ಕೋಳಿಯಿಂದ ಕೊನೇ ಕೋಳಿ ತನಕ. ಆಮೇಲೆ ಒಲೆ ಹತ್ರಾನೂ ನೀನೇ."

"ಅಜ್ಜಿ ಇರ್ತಾಳಲ್ಲ."

"ಅಜ್ಜಿಗೆ ವಯಸ್ಸಾಯ್ತು ಮಗಾ. ತಾವು ಹೆತ್ತ ಮಕ್ಳು ಹೇಳಿದ್ದನ್ನ ನಂಬ್ತಾರೆ."

ಆ ಮಂಗಳವಾರ ನಾನು ಬೆಳಕು ಹರಿಯುವ ಮೊದಲೇ ಎದ್ದು, ತಲೆ ಬಾಚಿಕೊಂಡು, ಸ್ಕೂಲಿಗೆ ಹೋಗುವ ಹಾಗೆ ರಿಬ್ಬನ್ ಕಟ್ಟಿಕೊಂಡು ಶೆಡ್ಡಿನ ಹಿಂದೆ ನಿಂತೆ. ಹನ್ನೊಂದು ಕೋಳಿಗಳಿಗೂ ನೀರು ಕುಡಿಸಿದವಳು ನಾನು. ಅಡುಗೆಮನೆಯ ಹೊಗೆಯಲ್ಲಿ ಕಣ್ಣು ಉಜ್ಜಿಕೊಳ್ಳುತ್ತಾ ಹಂಡೆ ಕಾದೆ, ಮೊದಲ ಸೌಟು ಯಾವ ಪಾತ್ರೆಗೆ ಬಿತ್ತು ಎಂದು ನೋಡಿದೆ. ಮಧ್ಯದಲ್ಲಿ ಅವ್ವ ಏನಾದರೂ ತಿನ್ನು ಬಾ ಎಂದು ಕರೆದರೂ ಹೋಗಲಿಲ್ಲ. ಮಧ್ಯಾಹ್ನ ಕಣದಲ್ಲಿ ಸಾಲು ಹಿಂದಿನ ವರ್ಷದ ಅರ್ಧದಷ್ಟೂ ಇರಲಿಲ್ಲ. ಅಜ್ಜಿ ಬಡಿಸಿದಳು. ಬೀಪಾತುಮ್ಮ ಎಲೆಯ ಮುಂದೆ ಕೈ ಕಟ್ಟಿಕೊಂಡು ಕೂತಿದ್ದರು. ಜುಬೇದ ಕಡುಬಿಗೆ ಕೈ ಹಾಕಲು ಹೋದಾಗ ಅವಳ ಕೈ ಹಿಡಿದು ನಿಲ್ಲಿಸಿದರು. ಅಜ್ಜಿಯನ್ನು ನೋಡಲಿಲ್ಲ, ಅಪ್ಪಯ್ಯನನ್ನು ನೋಡಲಿಲ್ಲ, ತಮ್ಮ ಗಂಡನನ್ನೂ ಕೇಳಲಿಲ್ಲ. ಸೆರಗು ಸರಿ ಮಾಡಿಕೊಂಡು ನನ್ನ ಕಡೆ ತಿರುಗಿದರು. ದೊಡ್ಡವರೊಬ್ಬರನ್ನು ಕೇಳುವ ಹಾಗೆ ಕೇಳಿದರು.

"ನೀವು ನೋಡಿದ್ರಾ?"

"ನೋಡ್ದೆ" ಎಂದೆ.

ಬೀಪಾತುಮ್ಮ ಬಿಸ್ಮಿಲ್ಲಾ ಎಂದು ಮಗಳ ಕೈ ಬಿಟ್ಟರು.